ಹೂಳಿನಲ್ಲಿ ಬರೆದ ಲೆಕ್ಕ: ಜಪಾನಿನ ಜಿನ್ಜು ನದಿಯ ಕಥೆ

ಭಾಗ 1/9: ಪುಸ್ತಕಕ್ಕೆ ಬಾರದ ಖರ್ಚು

ಕಾಸ್ಟ್ ಅಕೌಂಟಿಂಗ್ ಓದ್ತಿರೋ ಕ್ಲಾಸ್‌ಮೇಟ್‌ಗಳಿಗೆ, ಅದರ ತಂಟೆಗೇ ಹೋಗದ ಉಳಿದ ಫಾಲೋವರ್ಸ್‌ಗೆ, ಎಲ್ಲರಿಗೂ ಒಂದು ಪ್ರಶ್ನೆ. ಒಂದು ಗಣಿ ಇದೆ ಅಂದುಕೊಳ್ಳಿ. ಅದಿರು ತೆಗೀತಾರೆ, ಹಿಟ್ಟಿನ ಹಾಗೆ ಪುಡಿ ಮಾಡ್ತಾರೆ, ಬೇಕಾದ ಲೋಹ ಬೇರ್ಪಡಿಸ್ತಾರೆ. ಮಿಕ್ಕ ಪುಡಿ ನೀರಿನ ಜೊತೆ ಪಕ್ಕದ ನದಿಗೆ ಹೋಗುತ್ತೆ. ಈ ಕೊನೆಯ ಕೆಲಸಕ್ಕೆ ಖರ್ಚು ಎಷ್ಟು?

ಕಂಪನಿಯ ಪುಸ್ತಕದಲ್ಲಿ ನೋಡಿದರೆ ಸೊನ್ನೆ. ಕೂಲಿ ಬರೀತಾರೆ, ಕಲ್ಲಿದ್ದಲು ಬರೀತಾರೆ, ಯಂತ್ರದ ಸವಕಳಿ ಬರೀತಾರೆ. ನದಿಗೆ ಬಿಟ್ಟದ್ದಕ್ಕೆ ಕಾಲಂ ಇಲ್ಲ. ಆದರೆ ಕಾಲಂ ಇಲ್ಲ ಅಂದ ಮಾತ್ರಕ್ಕೆ ಖರ್ಚೇ ಆಗಲಿಲ್ಲ ಅಂತಲ್ಲ. ಆ ಖರ್ಚು ಬೇರೆ ಕಡೆ ಬರೆದಿಡಲ್ಪಡುತ್ತೆ: ನದಿಯ ತಳದ ಹೂಳಿನಲ್ಲಿ, ಗದ್ದೆಯ ಮಣ್ಣಿನಲ್ಲಿ, ಕೊನೆಗೆ ಮನುಷ್ಯರ ಮೂಳೆಯಲ್ಲಿ.

ಜಪಾನಿನ ಒಂದು ನದಿ ಈ ಲೆಕ್ಕವನ್ನ ಸುಮಾರು ನೂರು ವರ್ಷ ಇಟ್ಟುಕೊಂಡಿತ್ತು. ಅದನ್ನ ಓದಿದ್ದು ಯಾರು, ತೀರಿಸಿದ್ದು ಯಾರು, ಈಗ ಆಡಿಟ್ ಮಾಡ್ತಿರೋದು ಯಾರು ಅನ್ನೋದೇ ಈ ಸರಣಿ. ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/9: ಮೇಲೆ ಗಣಿ, ಕೆಳಗೆ ಗದ್ದೆ

ಮೊದಲು ಭೂಗೋಳ ತಲೆಯಲ್ಲಿರಲಿ. ಜಪಾನಿನ ಮಧ್ಯಭಾಗದಲ್ಲಿ ಗಿಫು ಅನ್ನೋ ಬೆಟ್ಟದ ಪ್ರಾಂತ್ಯ. ಅಲ್ಲಿ ಕಮಿಯೋಕಾ ಗಣಿ. ಗಣಿಯ ಪಕ್ಕ ಹರಿಯೋದು ತಕಾಹಾರಾ ನದಿ. ಅದು ಕೆಳಗೆ ಬಂದು ಇನ್ನೊಂದು ನದಿ ಸೇರಿ ಜಿನ್ಜು ನದಿ ಆಗುತ್ತೆ. ಜಿನ್ಜು ಉತ್ತರಕ್ಕೆ ಹರಿದು, ತೊಯಾಮಾ ಪ್ರಾಂತ್ಯದ ಬಯಲಿಗೆ ಇಳಿದು, ಕಡಲು ಸೇರುತ್ತೆ. ತೊಯಾಮಾ ಬಯಲು ಅಂದರೆ ಭತ್ತದ ನಾಡು. ನದಿಯಿಂದ ಕಾಲುವೆ, ಕಾಲುವೆಯಿಂದ ಗದ್ದೆ. ನಮ್ಮ ಮಂಡ್ಯದವರಿಗೆ ಈ ಚಿತ್ರ ಬಿಡಿಸಿ ಹೇಳೋದೇ ಬೇಡ.

ಕಮಿಯೋಕಾದಲ್ಲಿ ಗಣಿಗಾರಿಕೆ ತುಂಬಾ ಹಳೆಯದು. ಹಿಂದೆಲ್ಲ ಬೆಳ್ಳಿ, ತಾಮ್ರ, ಸೀಸ ತೆಗೀತಿದ್ದರು. 1874ರಲ್ಲಿ ಮಿತ್ಸುಯಿ ಮನೆತನದ ವ್ಯಾಪಾರ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. 20ನೇ ಶತಮಾನದ ಶುರುವಿನಲ್ಲಿ ಸತುವಿಗೆ ಬೆಲೆ ಬಂತು. ಯುದ್ಧ ಬಂದಾಗಲೆಲ್ಲ ಬೇಡಿಕೆ ಏರಿತು, ಬೇಡಿಕೆ ಜೊತೆ ಉತ್ಪಾದನೆಯೂ ಏರಿತು.

ಇಲ್ಲಿ ಒಂದು ವಿಷಯ ಗಮನಿಸಿ. ಸತುವಿನ ಅದಿರಿನಲ್ಲಿ ಸತು ಒಂದೇ ಇರಲ್ಲ. ಸ್ವಲ್ಪ ಪ್ರಮಾಣದಲ್ಲಿ ಕ್ಯಾಡ್ಮಿಯಂ ಅನ್ನೋ ಇನ್ನೊಂದು ಲೋಹ ಅಂಟಿಕೊಂಡೇ ಬರುತ್ತೆ. ಸತು ಗಿರಾಕಿಗೆ ಹೋಯಿತು. ಕ್ಯಾಡ್ಮಿಯಂ ಇದ್ದ ನುಣ್ಣನೆ ಪುಡಿ ನದಿಗೆ ಹೋಯಿತು.

ಭಾಗ 3/9: ಹೂಳು ಹೇಗೆ ಅನ್ನ ಆಗುತ್ತೆ?

"ನದಿಗೆ ಬಿಟ್ಟರೆ ಕೊಚ್ಚಿಕೊಂಡು ಹೋಗುತ್ತಲ್ವಾ?" ಅಂತ ನೀವು ಕೇಳಬಹುದು. ಬಹಳ ಜನ ನಂಬೋದೂ ಅದನ್ನೇ. ಆದರೆ ಭಾರ ಲೋಹಗಳ ಸ್ವಭಾವ ಬೇರೆ. ಅವು ನೀರಿನಲ್ಲಿ ತೇಲುತ್ತಾ ಇರೋದಕ್ಕಿಂತ ಸಣ್ಣ ಮಣ್ಣಿನ ಕಣಗಳಿಗೆ ಅಂಟಿಕೊಳ್ಳೋದೇ ಹೆಚ್ಚು. ನೀರು ಜೋರಾಗಿ ಹರಿಯೋ ಕಡೆ ಕಣ ಓಡುತ್ತೆ, ನಿಧಾನವಾದ ಕಡೆ ತಳಕ್ಕೆ ಕೂರುತ್ತೆ. ನೀರಿನ ಸ್ಯಾಂಪಲ್ ತೆಗೆದರೆ ಇವತ್ತಿನ ಸುದ್ದಿ ಮಾತ್ರ ಸಿಗುತ್ತೆ. ತಳದ ಹೂಳಿನ ಸ್ಯಾಂಪಲ್ ತೆಗೆದರೆ ಎಷ್ಟೋ ವರ್ಷಗಳ ಸುದ್ದಿ ಸಿಗುತ್ತೆ.

ಇನ್ನು ನದಿಯಲ್ಲಿ ನೀರು ಎಲ್ಲಕ್ಕಿಂತ ನಿಧಾನವಾಗೋದು ಎಲ್ಲಿ? ಕಾಲುವೆಯಿಂದ ಗದ್ದೆಗೆ ನೀರು ನಿಲ್ಲಿಸಿದಾಗ! ಭತ್ತದ ಗದ್ದೆ ಅಂದರೆ ಒಂದು ಪುಟ್ಟ ಕೆರೆ. ನದಿ ಹೊತ್ತು ತಂದ ಪುಡಿಯೆಲ್ಲ ಅಲ್ಲಿ ಕೂತಿತು. ನೀರು ಒಳಗೆ ಬರೋ ತೂಬಿನ ಹತ್ತಿರ ಅತಿ ಹೆಚ್ಚು, ದೂರ ಹೋದಂತೆ ಕಡಿಮೆ.

ಮುಂದಿನದು ಕೆಮಿಸ್ಟ್ರಿ, ಎರಡೇ ನಿಮಿಷ. ಗದ್ದೆಯಲ್ಲಿ ನೀರು ನಿಂತಿರುವಾಗ ಮಣ್ಣಿಗೆ ಗಾಳಿ ಸಿಗಲ್ಲ. ಆಗ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದ ರೂಪದಲ್ಲಿ ಸುಮ್ಮನೆ ಬಿದ್ದಿರುತ್ತೆ. ತೆನೆ ಕಟ್ಟೋ ಹೊತ್ತಿಗೆ, ಕುಯ್ಲಿಗೆ ಮುಂಚೆ, ರೈತರು ನೀರು ಬಿಡುತ್ತಾರೆ. ಮಣ್ಣಿಗೆ ಗಾಳಿ ತಾಗುತ್ತೆ, ಕ್ಯಾಡ್ಮಿಯಂ ಕರಗುತ್ತೆ, ಬೇರು ಹೀರುತ್ತೆ, ಕಾಳಿಗೆ ಏರುತ್ತೆ. ಭತ್ತ ಬೆಳೆಯೋ ಸರಿಯಾದ ಪದ್ಧತಿಯೇ ವಿಷಕ್ಕೆ ಬಾಗಿಲು ತೆರೀತು. ರೈತ ಏನೂ ತಪ್ಪು ಮಾಡಿರಲಿಲ್ಲ.

ಅಕ್ಕಿ ಮಾತ್ರ ಅಲ್ಲ. ಆ ಊರುಗಳ ಜನ ಅದೇ ನೀರು ಕುಡೀತಿದ್ದರು, ಅದೇ ನೀರಲ್ಲಿ ಅಡುಗೆ ಮಾಡ್ತಿದ್ದರು.

ಭಾಗ 4/9: "ನೋವು, ನೋವು"

ಮೊದಲು ಗೊತ್ತಾಗಿದ್ದು ಬೆಳೆಯಲ್ಲಿ. ತೂಬಿನ ಹತ್ತಿರದ ಪೈರು ಕುಂಠಿತ. ನದಿಯಲ್ಲಿ ಮೀನು ಸಾಯೋದು. ಮಹಾಯುದ್ಧಕ್ಕೆ ಎಷ್ಟೋ ಮೊದಲೇ ರೈತರು ದೂರು ಕೊಟ್ಟಿದ್ದರು. ಬೆಳೆ ಹಾನಿಗೆ ಕಂಪನಿ ಆಗಾಗ ಒಂದಷ್ಟು ಹಣ ಕೊಟ್ಟದ್ದೂ ಉಂಟು. ಗಮನಿಸಿ: ಬೆಳೆಗೆ ದುಡ್ಡು ಕೊಟ್ಟರು, ಆದರೆ ಆ ಬೆಳೆ ತಿಂದವರ ಬಗ್ಗೆ ಯಾರೂ ಕೇಳಲಿಲ್ಲ.

ತಿಂದವರಲ್ಲಿ ಮೊದಲು ಬಿದ್ದವರು ಹೆಂಗಸರು. ಹೆಚ್ಚಿನವರು ನಡುವಯಸ್ಸು ದಾಟಿದವರು, ಹಲವು ಮಕ್ಕಳನ್ನ ಹೆತ್ತವರು, ಬದುಕಿಡೀ ಗದ್ದೆಯಲ್ಲಿ ದುಡಿದವರು. ಮೊದಲು ಸೊಂಟ, ತೊಡೆ ನೋವು. ಆಮೇಲೆ ಬಾತುಕೋಳಿ ಥರ ಓಲಾಡುವ ನಡಿಗೆ. ಆಮೇಲೆ ಹಾಸಿಗೆ. ಮೂಳೆ ಎಷ್ಟು ಮೆತ್ತಗಾಗಿತ್ತು ಅಂದರೆ ಕೆಮ್ಮಿದರೂ ಪಕ್ಕೆಲುಬು ಮುರೀತಿತ್ತು. ಒಬ್ಬ ಮಹಿಳೆಯ ದೇಹದಲ್ಲಿ 72 ಕಡೆ ಮೂಳೆ ಮುರಿದಿತ್ತು ಅಂತ ದಾಖಲೆ ಇದೆ. ಮುಟ್ಟಿದರೆ "ಇತಾಯ್, ಇತಾಯ್" ಅಂತ ಕೂಗ್ತಿದ್ದರು. ಜಪಾನೀ ಭಾಷೆಯಲ್ಲಿ ಅದರರ್ಥ "ನೋವು, ನೋವು". ಕಾಯಿಲೆಗೂ ಅದೇ ಹೆಸರು ನಿಂತಿತು: ಇತಾಯ್-ಇತಾಯ್ ಕಾಯಿಲೆ. 1955ರಲ್ಲಿ ಆ ಹೆಸರು ಪತ್ರಿಕೆಯಲ್ಲಿ ಬಂತು.

ದೇಹದೊಳಗೆ ಆಗ್ತಿದ್ದದ್ದು ಇಷ್ಟು. ಕ್ಯಾಡ್ಮಿಯಂ ಕಿಡ್ನಿಯಲ್ಲಿ ಸೇರಿಕೊಂಡರೆ ಹತ್ತಾರು ವರ್ಷ ಹೊರಗೆ ಹೋಗಲ್ಲ. ಕಿಡ್ನಿಯ ಸಣ್ಣ ನಾಳಗಳು ಕೆಟ್ಟು, ದೇಹ ಉಳಿಸಿಕೊಳ್ಳಬೇಕಾದ ಖನಿಜಗಳು ಮೂತ್ರದಲ್ಲಿ ಸೋರಿ ಹೋಗ್ತವೆ. ಆಗ ಮೂಳೆ ಕರಗುತ್ತೆ. ಬಸಿರು, ಬಾಣಂತನ, ಕಬ್ಬಿಣಾಂಶದ ಕೊರತೆ ಇದ್ದವರ ದೇಹ ಕ್ಯಾಡ್ಮಿಯಂನ ಇನ್ನೂ ಹೆಚ್ಚು ಹೀರಿಕೊಳ್ಳುತ್ತೆ. ಅದಕ್ಕೇ ಹೆಂಗಸರಿಗೆ ಹೆಚ್ಚು.

ಊರಲ್ಲಿ ಇದನ್ನ ಕರ್ಮ ಅಂದರು, ವಂಶದ ಶಾಪ ಅಂದರು. ಕಾಯಿಲೆ ಇರೋ ಮನೆ ಅಂತ ಗೊತ್ತಾದರೆ ಮದುವೆ ಸಂಬಂಧ ಕೂಡಿ ಬರಲ್ಲ ಅನ್ನೋ ಭಯಕ್ಕೆ ಮನೆಯವರು ಮುಚ್ಚಿಟ್ಟರು. ಈ ಮಾತು ನಮಗೆ ಅಪರಿಚಿತ ಅಲ್ಲ, ಅಲ್ವಾ?

ಭಾಗ 5/9: ನಕ್ಷೆ ಮೇಲೆ ಚುಕ್ಕಿ ಇಟ್ಟ ಡಾಕ್ಟರ್

ನೊಬೊರು ಹಗಿನೊ ಅಂತ ಒಬ್ಬ ಡಾಕ್ಟರ್. ಯುದ್ಧ ಮುಗಿಸಿ 1946ರಲ್ಲಿ ಊರಿಗೆ ಬಂದು, ಮನೆತನದ ಆಸ್ಪತ್ರೆ ನಡೆಸೋಕೆ ಶುರು ಮಾಡಿದರು. ನೋವು ಅಂತ ಬರೋ ಹೆಂಗಸರ ಸಾಲು ನೋಡಿ ಅವರಿಗೆ ಆಶ್ಚರ್ಯ. ಯಾವ ಪುಸ್ತಕದ ಕಾಯಿಲೆಗೂ ಇದು ಪೂರ್ತಿ ಹೊಂದಲ್ಲ.

ರೋಗಿಗಳ ಊರುಗಳನ್ನ ನಕ್ಷೆ ಮೇಲೆ ಗುರುತು ಮಾಡಿದಾಗ ಒಂದು ವಿಷಯ ಎದ್ದು ಕಂಡಿತು. ಕಾಯಿಲೆ ಇರೋದು ಜಿನ್ಜು ನದಿಯ ನೀರು ಹಾಯೋ ಊರುಗಳಲ್ಲಿ. ಬೇರೆ ನದಿಯ ನೀರು ಬಳಸೋ ಅಕ್ಕಪಕ್ಕದ ಊರುಗಳಲ್ಲಿ ಇಲ್ಲ. ಹವೆ ಒಂದೇ, ಊಟ ಒಂದೇ, ಬಡತನ ಒಂದೇ. ವ್ಯತ್ಯಾಸ ಇದ್ದದ್ದು ನೀರಿನ ಮೂಲದಲ್ಲಿ ಮಾತ್ರ. 1957ರಲ್ಲಿ ಅವರು ಗಣಿಯ ವಿಷವೇ ಕಾರಣ ಅಂತ ಹೇಳಿದರು.

ಆಗ ಬಂದ ಪ್ರತಿಕ್ರಿಯೆ ಚೆನ್ನಾಗಿರಲಿಲ್ಲ. ಹಳ್ಳಿ ಡಾಕ್ಟರ್‌ಗೆ ಏನು ಗೊತ್ತು ಅಂದರು. ಪೌಷ್ಟಿಕಾಂಶದ ಕೊರತೆ, ಬಿಸಿಲಿನ ಕೊರತೆ ಅಂತ ವಾದ ಮಾಡಿದರು. ಹಗಿನೊ ಬಿಡಲಿಲ್ಲ. ಕಿನ್‌ಇಚಿ ಯೋಶಿಯೋಕ ಅನ್ನೋ ಕೃಷಿ ತಜ್ಞರು ಜೊತೆ ಸೇರಿದರು. ಓಕಾಯಾಮಾ ವಿಶ್ವವಿದ್ಯಾಲಯದ ಜುನ್ ಕೊಬಾಯಾಶಿ ಲೋಹಗಳ ಪರೀಕ್ಷೆ ಮಾಡಿಕೊಟ್ಟರು. 1961ರಲ್ಲಿ ಹಗಿನೊ ಮತ್ತು ಯೋಶಿಯೋಕ ಕ್ಯಾಡ್ಮಿಯಂ ಹೆಸರನ್ನ ಬಹಿರಂಗವಾಗಿ ಹೇಳಿದರು.

ಗಾಳಿಮಾತು ನಿಂತು ಸಾಕ್ಷಿ ಶುರುವಾದದ್ದು ಇಲ್ಲಿಂದ. ಹೂಳು, ಗದ್ದೆ ಮಣ್ಣು, ಅಕ್ಕಿ, ರೋಗಿಯ ದೇಹ: ಒಂದೇ ಲೋಹ ಎಲ್ಲ ಕಡೆ ಸಿಕ್ಕಿತು. ನಾವು ವೋಚರ್‌ನಿಂದ ಲೆಡ್ಜರ್‌ವರೆಗೆ ಎಂಟ್ರಿ ಹಿಂಬಾಲಿಸ್ತೀವಲ್ಲ, ಅದೇ ಕೆಲಸ.

ಭಾಗ 6/9: ಕೋರ್ಟು

1966ರಲ್ಲಿ ರೋಗಿಗಳ ಕುಟುಂಬದವರು ಸೇರಿ ಸಂಘ ಕಟ್ಟಿದರು. 1968ರ ಮಾರ್ಚ್ 9ರಂದು ತೊಯಾಮಾ ಜಿಲ್ಲಾ ಕೋರ್ಟಿನಲ್ಲಿ ಮಿತ್ಸುಯಿ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಮೇಲೆ ಕೇಸು. ಅದೇ ವರ್ಷ ಮೇ 8ರಂದು ಜಪಾನ್ ಸರ್ಕಾರ ಇದನ್ನ ಮಾಲಿನ್ಯದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು. ಆ ದೇಶದಲ್ಲಿ ಸರ್ಕಾರ ಹಾಗೆ ಒಪ್ಪಿಕೊಂಡ ಮೊದಲ ಕಾಯಿಲೆ ಇದು.

ಬಿಸಿನೆಸ್ ಲಾ ಓದಿದವರು ಇದನ್ನ ಗಮನಿಸಿ. ಸಾಮಾನ್ಯವಾಗಿ ಪರಿಹಾರ ಕೇಳಬೇಕಾದರೆ ಎದುರಿನವರ ನಿರ್ಲಕ್ಷ್ಯ ಸಾಬೀತು ಮಾಡಬೇಕು. ಜಪಾನಿನ ಗಣಿ ಕಾಯ್ದೆಯ 109ನೇ ವಿಧಿಯಲ್ಲಿ ಹಾಗಿಲ್ಲ. ಗಣಿಯ ತ್ಯಾಜ್ಯದಿಂದ ಹಾನಿ ಆಗಿದ್ದರೆ, ತಪ್ಪು ಇರಲಿ ಬಿಡಲಿ, ಗಣಿ ಮಾಲೀಕ ಕೊಡಬೇಕು. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಈ ಕಾಯಿಲೆ ಆ ತ್ಯಾಜ್ಯದಿಂದಲೇ ಬಂತಾ?

ಕಂಪನಿ, ದೇಹದೊಳಗೆ ಒಂದೊಂದು ಹೆಜ್ಜೆಯೂ ಹೇಗೆ ನಡೀತು ಅಂತ ಸಾಬೀತು ಮಾಡಿ ಅನ್ನೋ ಪಟ್ಟು ಹಿಡಿಯಿತು. ಕೋರ್ಟು, ಯಾವ ಊರಲ್ಲಿ ಕಾಯಿಲೆ ಇದೆ, ಯಾವ ಊರಲ್ಲಿ ಇಲ್ಲ ಅನ್ನೋ ಹಂಚಿಕೆಯ ಸಾಕ್ಷಿಯೇ ಸಾಕು ಅಂದಿತು. ಹಗಿನೊ ಅವರ ಚುಕ್ಕಿಗಳಿಗೆ ಕಾನೂನಿನ ತೂಕ ಬಂತು. 1971ರ ಜೂನ್ 30ರಂದು ಜನ ಗೆದ್ದರು. ಜಪಾನಿನ ನಾಲ್ಕು ದೊಡ್ಡ ಮಾಲಿನ್ಯ ಮೊಕದ್ದಮೆಗಳಲ್ಲಿ ಮೊದಲು ಗೆದ್ದದ್ದು ಇದೇ. ಕಂಪನಿ ಮೇಲ್ಮನವಿ ಹಾಕಿತು. 1972ರ ಆಗಸ್ಟ್ 9ರಂದು ಅದೂ ವಜಾ ಆಯಿತು.

ಎಲ್ಲರೂ ಸಿಹಿ ಹಂಚಿ ಮನೆಗೆ ಹೋಗಬಹುದಿತ್ತು. ಅವರು ಹೋಗಲಿಲ್ಲ.

ಭಾಗ 7/9: ಒಂದು ಸಹಿ

ತೀರ್ಪಿನ ಮಾರನೇ ದಿನವೇ ಊರಿನವರು ಟೋಕಿಯೋದ ಕಂಪನಿ ಮುಖ್ಯ ಕಚೇರಿಗೆ ಹೋಗಿ ಕೂತರು. ಎದ್ದಾಗ ಅವರ ಕೈಯಲ್ಲಿ ಮೂರು ಕಾಗದ ಇದ್ದವು. ಮೊದಲನೆಯದು ರೋಗಿಗಳ ಪರಿಹಾರದ್ದು. ಎರಡನೆಯದು ಕೆಟ್ಟ ಗದ್ದೆಗಳ ಮಣ್ಣಿನದ್ದು. ಮೂರನೆಯದು ಮಾಲಿನ್ಯ ತಡೆಯ ಒಪ್ಪಂದ. ನನ್ನ ಪ್ರಕಾರ ಈ ಇಡೀ ಇತಿಹಾಸದ ಹೃದಯ ಆ ಮೂರನೇ ಕಾಗದ.

ಅದರಲ್ಲಿ ಇದ್ದದ್ದು ಇಷ್ಟೇ: ಊರಿನವರು ಅಗತ್ಯ ಅಂತ ಅನಿಸಿದಾಗ ಕಾರ್ಖಾನೆ ಒಳಗೆ ಹೋಗಿ ಪರಿಶೀಲಿಸಬಹುದು. ತಮಗೆ ನಂಬಿಕೆ ಇರುವ ತಜ್ಞರನ್ನ ಕರೆದೊಯ್ಯಬಹುದು. ಮಾಹಿತಿ ಕೇಳಬಹುದು. ಇದರ ಖರ್ಚು ಕಂಪನಿಯದ್ದು.

ಆಡಿಟಿಂಗ್ ಪೇಪರ್‌ನಲ್ಲಿ ನಾವು ಓದೋದು ಏನು? ಆಡಿಟರ್ ಸ್ವತಂತ್ರ ಇರಬೇಕು, ಅವನ ಕೈಗೆ ದಾಖಲೆ ಸಿಗಬೇಕು. ಇಲ್ಲಿ ಆಡಿಟರ್ ಆದದ್ದು ಷೇರುದಾರರು ನೇಮಿಸಿದ ಫರ್ಮ್ ಅಲ್ಲ. ನದಿಯ ಕೆಳಗಿನ ರೈತ, ಅವನ ಹೆಂಡತಿ, ಅವರ ಮಗ.

ಆ ವರ್ಷದಿಂದಲೇ ತಪಾಸಣೆ ಶುರು. ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆ ಹೋದರು. ಕಾರ್ಖಾನೆಯ ಮೇಲುಭಾಗದ ನೀರು, ಕೆಳಭಾಗದ ನೀರು ಎರಡನ್ನೂ ಅಳೆದು ಹೋಲಿಸಿದರು. ಪೈಪಿನಿಂದ ಬರೋದು ಮಾತ್ರ ಅಲ್ಲ, ಕಾರ್ಖಾನೆಯ ನೆಲದಡಿಯಿಂದಲೂ ಕ್ಯಾಡ್ಮಿಯಂ ಸೋರ್ತಿದೆ ಅಂತ ಹಾಗೆ ಗೊತ್ತಾಯಿತು. ಒಂದೊಂದೇ ತೂತು ಹುಡುಕಿ ಮುಚ್ಚಿಸಿದರು. ದಶಕಗಳ ಕೆಲಸದ ನಂತರ ಜಿನ್ಜು ನೀರಿನ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಬಂತು.

ಪರಿಹಾರದ ದುಡ್ಡು ಆಗಿಹೋದದ್ದಕ್ಕೆ. ಒಳಗೆ ಹೋಗಿ ನೋಡುವ ಹಕ್ಕು ಮುಂದೆ ಆಗಬಾರದ್ದಕ್ಕೆ. ನದಿಯನ್ನ ಸ್ವಚ್ಛ ಮಾಡಿದ್ದು ಎರಡನೆಯದು.

ಭಾಗ 8/9: ಬಿಲ್ಲು ಎಷ್ಟಾಯ್ತು?

ಹೊಸ ವಿಷ ನಿಂತರೂ ಹಳೆಯದು ಗದ್ದೆಯಲ್ಲೇ ಇತ್ತು. 1970ರಲ್ಲಿ ಜಪಾನ್, ಕಿಲೋ ಅಕ್ಕಿಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಅನ್ನೋ ಮಿತಿ ಹಾಕಿತು. ಅದೇ ವರ್ಷ ಕೃಷಿ ಭೂಮಿಯ ಮಣ್ಣಿನ ಮಾಲಿನ್ಯಕ್ಕೆ ಪ್ರತ್ಯೇಕ ಕಾಯ್ದೆಯೂ ಬಂತು. ಸುಮಾರು 1,500 ಹೆಕ್ಟೇರ್ ಗದ್ದೆ ಕಲುಷಿತ ಅಂತ ಗುರುತಾಯಿತು. ಬಂಗಾರದಂಥ ಭೂಮಿ ಪಾಳು ಬಿತ್ತು.

ಈ ಮಧ್ಯೆ, 1970ರ ದಶಕದ ನಡುವೆ, ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೇ ಅಲ್ಲ ಅನ್ನೋ ಹಳೇ ರಾಗ ಮತ್ತೆ ಎದ್ದಿತು. ಪತ್ರಿಕೆಯಲ್ಲಿ ಬಂತು, ಆಡಳಿತ ಪಕ್ಷದ ಒಳಗಿಂದಲೂ ಬಂತು. ಸತ್ಯ ಒಮ್ಮೆ ಗೆದ್ದರೆ ಮುಗೀತು ಅಂತ ಅಂದುಕೊಳ್ಳಬೇಡಿ.

1979ರಲ್ಲಿ ಮಣ್ಣಿನ ಕೆಲಸ ಶುರು. ಗದ್ದೆಯ ಮೇಲ್ಮಣ್ಣು ಕೆರೆದು, ಅದನ್ನ ಆಳದಲ್ಲಿ ಹೂತು, ಮೇಲೆ ಗಟ್ಟಿ ಪದರ ಹಾಕಿ, ಅದರ ಮೇಲೆ ಗುಡ್ಡದ ಹೊಸ ಮಣ್ಣು ಹರಡಬೇಕು. ಒಂದೊಂದು ಗದ್ದೆಗೂ ಹೀಗೇ. ಮುಗಿದದ್ದು 2012ರಲ್ಲಿ, 33 ವರ್ಷದ ನಂತರ. 863 ಹೆಕ್ಟೇರ್ ಸರಿಯಾಯಿತು. ಖರ್ಚು ಸುಮಾರು 4,070 ಕೋಟಿ ಯೆನ್. ಕ್ಯಾಲ್ಕುಲೇಟರ್ ತೆಗೀರಿ: ಹೆಕ್ಟೇರಿಗೆ ಸುಮಾರು 4.7 ಕೋಟಿ ಯೆನ್. ಉಳಿದ ಭೂಮಿಯಲ್ಲಿ ಬಹುಪಾಲು ರಸ್ತೆ, ಮನೆ, ಕಾರ್ಖಾನೆಗೆ ಹೋಯಿತು. ಈ ಬಿಲ್ಲನ್ನ ಕಂಪನಿ ಒಂದೇ ಕಟ್ಟಲಿಲ್ಲ. ಸರ್ಕಾರಗಳ ಬೊಕ್ಕಸದಿಂದ, ಅಂದರೆ ತೆರಿಗೆದಾರರ ಜೇಬಿನಿಂದಲೂ ಹೋಯಿತು.

ಜನರ ಲೆಕ್ಕ? ಸರ್ಕಾರ ರೋಗಿಗಳು ಅಂತ ಗುರುತಿಸಿದ್ದು ಸುಮಾರು 200 ಜನರನ್ನ. ಮೂಳೆಗೆ ಇನ್ನೂ ಬಾರದೆ, ಕಿಡ್ನಿ ಮಾತ್ರ ಕೆಟ್ಟವರು ಆ ಲೆಕ್ಕದ ಹೊರಗೇ ಉಳಿದರು. ಅವರಿಗೆ ತಲಾ 6 ಲಕ್ಷ ಯೆನ್ ಅಂತ ಒಪ್ಪಂದವಾಗಿ, ಕಂಪನಿ ಕ್ಷಮೆ ಕೇಳಿದ್ದು 2013ರ ಡಿಸೆಂಬರ್‌ನಲ್ಲಿ. ಕೇಸು ಹಾಕಿದಾಗ ಹುಟ್ಟಿದ ಮಗುವಿಗೆ ಆಗ 45 ವರ್ಷ.

ಭಾಗ 1ರಲ್ಲಿ ಸೊನ್ನೆ ಅಂತ ಬರೆದ ಎಂಟ್ರಿ ನೆನಪಿದೆಯಾ? ಅದರ ನಿಜವಾದ ಮೊತ್ತ ಇದು. ಇದರಲ್ಲೂ ಆ ಹೆಂಗಸರ ನೋವಿಗೆ ನಾವು ಇನ್ನೂ ಯಾವ ಅಂಕಿಯನ್ನೂ ಹಾಕಿಲ್ಲ.

ಭಾಗ 9/9: ಎರಡು ಗಣಿ, ಒಂದು ಪ್ರಶ್ನೆ

ಸೈನ್ಸ್ ಓದೋ ಗೆಳೆಯರಿಗೆ ಕಮಿಯೋಕಾ ಹೆಸರು ಎಲ್ಲೋ ಕೇಳಿದ ಹಾಗಿರಬಹುದು. ಹೌದು, ಅದೇ ಗಣಿ! 1983ರಲ್ಲಿ ಅದರ ಆಳದಲ್ಲಿ ಕಮಿಯೋಕಾಂಡೆ ಅನ್ನೋ ಉಪಕರಣ ಶುರುವಾಯಿತು, 1996ರಲ್ಲಿ ಸೂಪರ್ ಕಮಿಯೋಕಾಂಡೆ. ಅಲ್ಲಿ ನ್ಯೂಟ್ರಿನೋ ಹಿಡಿದ ಕೆಲಸಕ್ಕೆ 2002ರಲ್ಲಿ ಕೊಶಿಬಾ ಅವರಿಗೆ, 2015ರಲ್ಲಿ ಕಜಿತಾ ಅವರಿಗೆ ನೊಬೆಲ್ ಬಂತು.

ನಮ್ಮದೂ ಒಂದು ಇಂಥ ಗಣಿ ಇದೆ. ಕೋಲಾರದ ಕೆಜಿಎಫ್‌ನ ಆಳದಲ್ಲಿ 1965ರಲ್ಲೇ ವಾತಾವರಣದ ನ್ಯೂಟ್ರಿನೋ ಪತ್ತೆ ಮಾಡಿದ್ದರು, ಆ ಪ್ರಯೋಗದಲ್ಲಿ ಜಪಾನಿನ ವಿಜ್ಞಾನಿಗಳೂ ಇದ್ದರು. ಕಾಕತಾಳೀಯ ನೋಡಿ: ಕೆಜಿಎಫ್ ಮುಚ್ಚಿದ್ದು 2001ರಲ್ಲಿ, ಕಮಿಯೋಕಾದಲ್ಲಿ ಅದಿರು ತೆಗೆಯೋದು ನಿಂತದ್ದೂ 2001ರಲ್ಲಿ.

ಗಣಿ ಮುಚ್ಚಿದರೂ ಪುಡಿ ಉಳಿಯುತ್ತೆ. ಕೆಜಿಎಫ್ ಕಡೆಯ ಗೆಳೆಯರು ಇದ್ದರೆ ಕೇಳಿ ನೋಡಿ, ಸೈನೈಡ್ ಗುಡ್ಡ ಅಂದರೆ ಏನು, ಗಾಳಿ ಬೀಸಿದಾಗ ಏನಾಗುತ್ತೆ ಅಂತ. ಆ ಕಡೆಯ ಬೇತಮಂಗಲದ ಹತ್ತಿರ ಹಾಯ್ದು ತಮಿಳುನಾಡಿಗೆ ಇಳಿಯೋ ನದಿ ಪಾಲಾರ್. ಅದೇ ಪಾಲಾರ್‌ನ ಕೆಳಗೆ, ವೆಲ್ಲೂರು ಸೀಮೆಯ ಚರ್ಮ ಹದ ಮಾಡೋ ಕಾರ್ಖಾನೆಗಳ ಮಾಲಿನ್ಯದ ಕೇಸಿನಲ್ಲಿ, 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು "ಕೆಡಿಸಿದವನೇ ಕಟ್ಟಬೇಕು" ಅನ್ನೋ ತತ್ವ ಈ ದೇಶದ ಕಾನೂನಿನ ಭಾಗ ಅಂತ ಹೇಳಿತು. ಪರಿಸರ ಅಧ್ಯಯನದ ಪೇಪರ್‌ನಲ್ಲಿ ಎರಡು ಮಾರ್ಕ್ಸ್‌ಗೆ ಬರೆಯೋ ಸಾಲು ಅದು.

ಜಿನ್ಜು ಕಥೆ ಆ ಸಾಲಿಗೆ ಇನ್ನೊಂದು ಸೇರಿಸುತ್ತೆ. ಕೆಡಿಸಿದವನು ಕಟ್ಟಿದರೆ ಮಾತ್ರ ಸಾಲದು. ಕುಡಿಯೋರು, ಉಣ್ಣೋರು ಒಳಗೆ ಹೋಗಿ ನೋಡುವಂತಿರಬೇಕು.

ಕಮಿಯೋಕಾದಲ್ಲಿ ಸತು ಕರಗಿಸೋ ಕಾರ್ಖಾನೆ ಇನ್ನೂ ನಡೀತಿದೆ, ಹೊರಗಿನಿಂದ ತಂದ ಅದಿರಿನಲ್ಲಿ. ಊರಿನವರು ಈಗಲೂ ಪ್ರತಿ ವರ್ಷ ತಪಾಸಣೆಗೆ ಹೋಗ್ತಾರೆ. ಕೇಸು ಹಾಕಿದವರಲ್ಲಿ ಬಹುಪಾಲು ಈಗಿಲ್ಲ. ಮಕ್ಕಳು, ಮೊಮ್ಮಕ್ಕಳು ಹೋಗ್ತಾರೆ.

ನಮ್ಮಲ್ಲಿ ಕೆಲವರು ನಾಳೆ ಸಿಎ ಆಗ್ತೀವಿ, ಕೆಲವರು ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡ್ತೀವಿ, ಕೆಲವರು ಯಾವುದೋ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೂರ್ತೀವಿ. ತ್ಯಾಜ್ಯದ ಕಾಲಂನಲ್ಲಿ ಸೊನ್ನೆ ಕಂಡಾಗ ಒಂದು ಪ್ರಶ್ನೆ ಕೇಳಿ: ಇದು ಎಲ್ಲಿ ಹೋಯ್ತು? ನಿಮ್ಮೂರಲ್ಲಿ ಯಾವ ನದಿ, ಯಾವ ಕೆರೆಯ ಹೂಳಿಗೆ ಈ ಪ್ರಶ್ನೆ ಕೇಳಬೇಕು ಅಂತ ಕಾಮೆಂಟ್‌ನಲ್ಲಿ ಹೆಸರು ಹಾಕಿ. ಪಟ್ಟಿ ಮಾಡೋಣ.

#ಜಿನ್ಜುನದಿ #ಹೂಳಿನಲೆಕ್ಕ #ಕನ್ನಡದಲ್ಲಿಇತಿಹಾಸ #ಬಿಕಾಂಹುಡುಗರು #ಬಿಕಾಂಹುಡುಗಿಯರು